ಕೊಂಡಿ

“ಸದ್ಯ, ನೀರು ಸರಿಹೋಯ್ತಲ್ಲ ಅಕ್ಕ. ಕ್ಯಾನು ಹೊತ್ತು ಹೊತ್ತು ನನ್ನ ಭುಜ ಬಿದ್ದು ಹೋಗಿತ್ತು.”

ಪತ್ರಿಕೆ ಕಚೇರಿಯ ಮುಂಬಾಗಿಲಲ್ಲಿ ಕೂರುವ ಸ್ವಾಗತದ ಹುಡುಗಿ ಕೈತೊಳೆಯುವ ನಲ್ಲಿಗೆ ಬಾಟಲಿ ಹಿಡಿದುಕೊಂಡು ಹೀಗೆಂದಾಗ ಕೊಂಡಿಯಕ್ಕನಿಗೆ ಮೊದಲು ಏನೂ ಅನಿಸಲಿಲ್ಲ. ಹೂಂ ಅಂದು ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋದಮೇಲೆ ಕಾಲು ತಾನಾಗಿ ನಿಂತಿತು.

“ಏನಂದೆ? ಯಾರು ಹೇಳಿದ್ದು ಸರಿಹೋಯ್ತು ಅಂತ?”

“ಯಾರು ಅಂದ್ರೆ? ನೀವೇ. ಈಗ ತಾನೆ ಬಂತಲ್ಲ, ನಮ್ಮದೇ ಪೇಪರ್ ಅಲರ್ಟು.”

ಹುಡುಗಿ ಫೋನು ತಿರುಗಿಸಿ ತೋರಿಸಿದಳು. ಲಾಕ್ ಆಗಿದ್ದ ಫೋನಿನ ಗಾಜಿನ ಮೇಲೆ ಪತ್ರಿಕೆಯ ಪುಟ್ಟ ಕೆಂಪು ಗುರುತು, ಪಕ್ಕದಲ್ಲಿ ಒಂದೇ ಒಂದು ಸಾಲು: ‘ನಲ್ಲಿ ನೀರು ಕುಡಿಯಲು ಯೋಗ್ಯ, ಭಯ ಬೇಡ...’

ಮೂರು ಚುಕ್ಕಿ. ಅಷ್ಟೇ. ಆ ಮೂರು ಚುಕ್ಕಿಯ ಆಚೆ ಏನಿತ್ತು ಅನ್ನುವುದು ಕೊಂಡಿಯಕ್ಕನಿಗೆ ಬಾಯಿಪಾಠ, ಯಾಕೆಂದರೆ ಬರೆದವಳು ಅವಳೇ. ‘ನಲ್ಲಿ ನೀರು ಕುಡಿಯಲು ಯೋಗ್ಯ, ಭಯ ಬೇಡ ಎಂದು ಹರಿದಾಡುತ್ತಿರುವ ಸಂದೇಶ ಶುದ್ಧ ಸುಳ್ಳು: ನೀರು ಮಂಡಳಿ.’ ಊರಿನ ನೀರಿನ ಕೊಳವೆಗೆ ಎಲ್ಲೋ ಚರಂಡಿ ಸೇರಿಕೊಂಡು ಎರಡು ದಿನವಾಗಿತ್ತು. ಯಾವನೋ ಪುಣ್ಯಾತ್ಮ ‘ಪರೀಕ್ಷೆ ಆಗಿದೆ, ಕುಡಿಯಿರಿ’ ಅಂತ ಸುಳ್ಳು ಸಂದೇಶ ಹರಿಬಿಟ್ಟಿದ್ದ. ನೀರು ಮಂಡಳಿ ಅದು ಸುಳ್ಳು ಅಂದಿತು. ಕೊಂಡಿಯಕ್ಕ ಆ ಮಾತನ್ನೇ ಹಿಡಿದು ಬರೆದಳು. ನೀರು ಅಶುದ್ಧ, ಸುಳ್ಳು ಮಾತ್ರ ಶುದ್ಧ ಅಂತ ಒಳಗೊಳಗೇ ನಕ್ಕೂ ಇದ್ದಳು.

ಅವಳು ಬಾಟಲಿಯ ಕಡೆ ಕೈ ಚಾಚಿದಳು.

“ಚೆಲ್ಲು ಅದನ್ನ,” ಅಂದಳು. ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು. ಕೊಂಡಿಯಕ್ಕನೇ ಬಾಟಲಿ ಕಿತ್ತುಕೊಂಡು ಬೋರಲು ಹಾಕಿ, ತಿರುಗಿ ಒಳಗೆ ಓಡಿದಳು.

ಅವಳಿಗೆ ಕೊಂಡಿಯಕ್ಕ ಅಂತ ಹೆಸರು ಬಂದದ್ದೂ ಈ ಚಾಳಿಯಿಂದಲೇ. ಚೇಳಿಗೆ ಕೊಂಡಿ ಇರುವುದು ಬಾಲದಲ್ಲಿ. ಅವಳ ತಲೆಬರಹಕ್ಕೂ ಅಲ್ಲೇ. ‘ರಸ್ತೆಯ ಗುಂಡಿಗಳನ್ನೆಲ್ಲ ಮುಚ್ಚಲಾಗಿದೆ, ಕಡತದಲ್ಲಿ’ ಅಂತ ಅವಳು ಒಮ್ಮೆ ಬರೆದದ್ದನ್ನು ಜನ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು. ಓದುವವನು ಸಾಲಿನುದ್ದಕ್ಕೂ ಹೌದು ಹೌದು ಅಂತ ತಲೆಯಾಡಿಸಿಕೊಂಡು ಬರಬೇಕು, ಕೊನೇ ಪದದಲ್ಲಿ ಕುಟುಕಿಸಿಕೊಳ್ಳಬೇಕು. ನಮ್ಮ ಮಾತಿನ ಗುಣವೇ ಅದಲ್ಲವೆ? ಹೌದೋ ಅಲ್ಲವೋ, ಉಂಟೋ ಇಲ್ಲವೋ, ಎಲ್ಲವನ್ನೂ ಸಾಲಿನ ತುದಿಯವರೆಗೆ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡು ಬರುವ ಮಾತು ನಮ್ಮದು. ಆ ಗಂಟು ಬಿಚ್ಚುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅಚ್ಚಾದ ಕಾಗದದ ಮೇಲೆ ಸಾಲಿನ ತುದಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ, ಕಣ್ಣೆದುರೇ ಇರುತ್ತಿತ್ತು.

ಆಮೇಲೆ ಪುಟಗಳು ತೆಳ್ಳಗಾದವು. ಜನ ಸುದ್ದಿಯನ್ನು ಫೋನಿನ ಗಾಜಿನ ಮೇಲೆ ಓದತೊಡಗಿದರು. ಅವಳನ್ನು ಮೊಬೈಲ್ ವಿಭಾಗಕ್ಕೆ ಹಾಕಿದರು. ನೋಡೋಣ, ಒಗ್ಗದಿದ್ದರೆ ಮನೆಗೆ ಹೋಗಬಹುದು ಅನ್ನುವ ಕರಾರಿನ ಮೇಲೆ. ಒಂದು ಸಾಲು ಬರೆಯುವುದು, ಅದರ ಕೆಳಗೆ ಪೂರ್ತಿ ಸುದ್ದಿಯ ಕೊಂಡಿ, ಅಂದರೆ ಲಿಂಕು, ಸೇರಿಸುವುದು, ಕಳಿಸುವುದು. ಕೊಂಡಿಯಕ್ಕನಿಗೆ ಕೊಂಡಿ ಕಳಿಸೋ ಕೆಲಸ ಅಂತ ಹಳೆಯ ಗೆಳೆಯರು ನಕ್ಕಿದ್ದರು.

ಮೊಬೈಲ್ ವಿಭಾಗದ ಮುಖ್ಯಸ್ಥ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಎಷ್ಟು ಹೊತ್ತು ಇದ್ದರು ಅನ್ನುವುದು ಬಿಟ್ಟು ಬೇರೆ ಮಾತಿಲ್ಲವಾದ್ದರಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಅಂಕಿ. ಕೆಟ್ಟವನಲ್ಲ ಪಾಪ. ಅವನ ಮೇಲಿನವರು ಅವನನ್ನು ಅಂಕಿಯಿಂದಲೇ ಅಳೆಯುತ್ತಿದ್ದರು.

“ಸರ್, ನೀರಿನ ಅಲರ್ಟು ತುಂಡಾಗಿ ಹೋಗಿದೆ. ‘ಸುಳ್ಳು’ ಅನ್ನೋದು ಕಾಣ್ತಾನೇ ಇಲ್ಲ. ಕುಡೀರಿ ಅಂತ ನಾವೇ ಹೇಳಿದ ಹಾಗಿದೆ.”

ಅಂಕಿ ತನ್ನ ದೊಡ್ಡ ಪರದೆಯ ಮೇಲೆ ನೋಡಿದ. ಅಲ್ಲಿ ಸಾಲು ಪೂರ್ತಿಯಾಗಿ, ಬಾಲಸಮೇತ ನೆಟ್ಟಗೆ ನಿಂತಿತ್ತು. “ಸರಿಯಾಗಿದೆಯಲ್ಲ ಮೇಡಂ.”

“ಇಲ್ಲಿ ಸರಿಯಾಗಿದೆ. ಜನ ಇದನ್ನ ನಿಮ್ಮ ಟೇಬಲ್ ಮುಂದೆ ಬಂದು ಓದ್ತಾರಾ?”

“ಒತ್ತಿದ್ರೆ ಪೂರ್ತಿ ಬರುತ್ತೆ.”

“ಎಷ್ಟು ಜನ ಒತ್ತಿದಾರೆ?”

ಅದು ಅವನ ಇಷ್ಟದ ಪ್ರಶ್ನೆ. ಉತ್ತರ ನೋಡಿಕೊಂಡ ಮೇಲೆ ಮಾತ್ರ ಮುಖ ಸಪ್ಪಗಾಯಿತು. ನೂರಕ್ಕೆ ಮೂರು ಜನ. ಉಳಿದ ತೊಂಬತ್ತೇಳು ಜನ ಗಾಜಿನ ಮೇಲೆ ಕಂಡದ್ದನ್ನು ನೋಡಿ, ಸದ್ಯ ಅಂದುಕೊಂಡು, ಫೋನು ಕೆಳಗಿಟ್ಟು, ನಲ್ಲಿಯ ಕಡೆ ನಡೆದಿದ್ದರು.

“ಇನ್ನೊಂದು ಕಳಿಸೋಣ. ಈಗಲೇ.”

“ಸಂಪಾದಕರನ್ನ ಕೇಳದೆ ಆಗಲ್ಲ. ಅವರು ಮಾಲೀಕರ ಜೊತೆ ಮೀಟಿಂಗಿನಲ್ಲಿದಾರೆ. ಮೇಲಾಗಿ ನಾವು ತಪ್ಪು ಬರೆದೇ ಇಲ್ಲವಲ್ಲ? ಸುಮ್ಮನೆ ಇನ್ನೊಂದು ಕಳಿಸಿದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಒಂದು ಅರ್ಧ ಗಂಟೆ ತಡೀರಿ ಮೇಡಂ.”

ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಎಷ್ಟು ಲೋಟ ನೀರು ಇಳಿಯುತ್ತದೆ ಗಂಟಲಲ್ಲಿ ಅಂತ ಆ ಪರದೆ ತೋರಿಸುತ್ತಿರಲಿಲ್ಲ.

ಆಗ ನೆನಪಾದದ್ದು ಅಮ್ಮ. ಇಷ್ಟು ಹೊತ್ತು ಜನ ಜನ ಅನ್ನುತ್ತಿದ್ದವಳು ಫೋನು ಕೈಗೆತ್ತಿಕೊಂಡಳು.

ಅಮ್ಮನ ಫೋನಿನಲ್ಲಿ ಅಕ್ಷರಗಳು ಸ್ವಾಗತದ ಹುಡುಗಿಯ ಫೋನಿನಲ್ಲಿದ್ದದ್ದಕ್ಕಿಂತ ದಪ್ಪ. ಕನ್ನಡಕ ಹಾಕಿದರೂ ಕಾಣಲ್ಲ ಕಣೇ ಅಂದದ್ದಕ್ಕೆ ಕೊಂಡಿಯಕ್ಕನೇ ಕೂತು, ಎಷ್ಟಕ್ಕೆ ಏರಿಸಬಹುದೋ ಅಷ್ಟಕ್ಕೆ ಏರಿಸಿಟ್ಟಿದ್ದಳು. ಅಕ್ಷರ ದಪ್ಪವಾದಷ್ಟೂ ಸಾಲು ಗಿಡ್ಡ. ಅಮ್ಮ ಯಾವುದನ್ನೂ ಒತ್ತುವವಳಲ್ಲ. ಒತ್ತಿದರೆ ಏನೋ ಹಾಳಾಗುತ್ತದೆ ಅನ್ನುವ ಭಯ. ಗಾಜಿನ ಮೇಲೆ ಕಂಡಷ್ಟೇ ಅವಳಿಗೆ ಸುದ್ದಿ. ಕಂಡದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಪೈಕಿಯೂ ಅಲ್ಲ. ಅವರಿದ್ದ ಮೂರು ಮಹಡಿಯ ಕಟ್ಟಡದಲ್ಲಿ ಅಮ್ಮನಿಗೆ ಮೆಟ್ಟಿಲ ರೇಡಿಯೋ ಅಂತಲೇ ಹೆಸರು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು, ಹತ್ತುವವರಿಗೂ ಇಳಿಯುವವರಿಗೂ ಓದಿ ಹೇಳುವುದು. ಪ್ರತಿಯೊಂದರ ಕೊನೆಗೂ ಒಂದು ಒಕ್ಕಣೆ ತಪ್ಪದು: “ನಮ್ಮ ಹುಡುಗಿ ಬರೆದಿರೋದು.” ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಕೊಂಡಿಯಕ್ಕ ಎಷ್ಟೋ ಸಲ ಗದರಿದ್ದಳು.

ಫೋನು ಮಾಡಿದಳು. ‘ನೀವು ಕರೆ ಮಾಡಿರುವವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.’

ಮತ್ತೆ ಮಾಡಿದಳು. ನಿರತರಾಗಿದ್ದಾರೆ. ಇನ್ನೊಮ್ಮೆ. ನಿರತರಾಗಿದ್ದಾರೆ. ಬೇರೆ ಯಾರ ಅಮ್ಮನಾದರೂ ಆಗಿದ್ದರೆ, ಯಾರ ಜೊತೆಗೋ ಹರಟುತ್ತಿದ್ದಾಳೆ ಅಂತ ಸುಮ್ಮನಿರಬಹುದಿತ್ತು. ಈ ಅಮ್ಮ ನಿರತಳಾಗಿದ್ದಾಳೆ ಅಂದರೆ ಸುದ್ದಿ ಹಂಚುತ್ತಿದ್ದಾಳೆ ಅಂತಲೇ ಅರ್ಥ. ಕಟ್ಟಡ ಮುಗಿದು, ಚಿಕ್ಕಮ್ಮಂದಿರಿಗೆ, ಸೋದರತ್ತೆಗೆ, ಹಳೆಯ ಓಣಿಯ ಗೆಳತಿಯರಿಗೆ ಇಳಿದಿರಬೇಕು. ಪತ್ರಿಕೆ ಹಾಕುವ ಏಜೆಂಟನೂ ಅಷ್ಟು ನಿಷ್ಠೆಯಿಂದ ಮನೆಮನೆ ತಿರುಗಲಾರ.

ಕೊಂಡಿಯಕ್ಕ ತನ್ನ ಜಾಗದಲ್ಲಿ ಕೂತಳು. ಹೊಸ ಅಲರ್ಟಿನ ಖಾನೆ ತೆರೆದು ಬರೆದಳು: ‘ಕುಡಿಯಬೇಡಿ.’ ಅದರ ಮುಂದೆ: ‘ನಲ್ಲಿ ನೀರು ಕುಡಿಯಬೇಡಿ.’ ಇಡೀ ವೃತ್ತಿಯಲ್ಲಿ ಅಷ್ಟು ಬೋಳು ಸಾಲು ಬರೆದವಳಲ್ಲ. ಯಾರನ್ನೂ ಕೇಳದೆ ಕಳಿಸಿದಳು.

ಅಂಕಿಯ ಮೇಜಿನ ಮೇಲಿದ್ದ ಫೋನು ಟಿಂಗ್ ಅಂದಿತು. ಅವನು ನೋಡಿದ, ಅವಳತ್ತ ತಿರುಗಿದ. ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು ಆ ಮುಖದಲ್ಲಿ. “ಮೇಡಂ, ಇದು ನಿಮ್ಮ ತಲೆಗೇ ಬರುತ್ತೆ.”

“ಬರಲಿ ಸರ್. ನಮ್ಮಮ್ಮನ ಫೋನು ಸಿಗ್ತಾ ಇಲ್ಲ,” ಅಂದು ಚೀಲ ಹೆಗಲಿಗೆ ಹಾಕಿಕೊಂಡಳು.

ಬಸ್ಸಿನಲ್ಲಿ ನಿಲ್ಲಲಷ್ಟೇ ಜಾಗ ಸಿಕ್ಕಿತು. ಪ್ರತಿ ನಿಲ್ದಾಣದಲ್ಲೂ ಅದು ನಿಂತಿತು, ನಿಂತಾಗಲೆಲ್ಲ ಅವಳ ಜೀವ ಬಾಯಿಗೆ ಬಂದು ಹೋಯಿತು. ಮುಂದಿನ ಸೀಟಿನ ಗಂಡಸಿಗೆ ಅವಳ ಎರಡನೇ ಅಲರ್ಟು ಆಗಷ್ಟೇ ಕಣ್ಣಿಗೆ ಬಿದ್ದಿರಬೇಕು, ಪಕ್ಕದವನಿಗೆ ತೋರಿಸಿದ.

“ನೋಡಿ ಇವರ ಕಥೆ. ಆಗ ಕುಡೀರಿ ಅಂದ್ರು, ಈಗ ಕುಡೀಬೇಡಿ ಅಂತಾರೆ. ಗಳಿಗೆಗೊಂದು ಮಾತು.”

“ಪೇಪರಿನವರ ಮಾತು ಕಟ್ಕೊಂಡ್ರೆ ಅಷ್ಟೇ ಬಿಡಿ,” ಅಂದ ಪಕ್ಕದವನು.

ಮೊದಲನೆಯವನು ಆ ಸಾಲನ್ನು ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿದ. ನೊಣ ಓಡಿಸಿದಷ್ಟು ಸಲೀಸಾಗಿ ಹೋಯಿತು ಅದು. ಅಲ್ಲ ಸ್ವಾಮಿ, ಕುಡೀರಿ ಅಂತ ನಾನು ಹೇಳಲೇ ಇಲ್ಲ ಅನ್ನಬೇಕು ಅನ್ನಿಸಿತು ಅವಳಿಗೆ. ಆದರೆ ಹೇಳಿದ್ದಳಲ್ಲ. ಅವನ ಗಾಜಿನ ಮೇಲೆ ಅವಳು ಹಾಗೆಯೇ ಹೇಳಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಧ ಆಡಿದ ಮಾತಿಗೆ ಗಾದೆ ಇದೆಯೋ ಇಲ್ಲವೋ ಗೊತ್ತಿರಲಿಲ್ಲ.

ಕಟ್ಟಡದ ಬಾಗಿಲಲ್ಲೇ, ನೆಲಮಹಡಿಯಲ್ಲಿ ಟೈಲರ್ ಅಂಗಡಿ. ಟೈಲರ್ ಹೊಲಿಗೆ ಯಂತ್ರದ ಪಕ್ಕ ಒಂದು ಚೊಂಬು ಇಟ್ಟುಕೊಂಡು ಕೋಟಿನ ತೋಳು ತಿರುವುತ್ತಿದ್ದ. ಅವಳನ್ನು ಕಂಡು ನಕ್ಕ.

“ಬನ್ನಿ ಬನ್ನಿ. ನಿಮ್ಮಿಂದ ಇವತ್ತು ಕ್ಯಾನಿನ ಕಾಟ ತಪ್ತು.”

“ಕುಡಿದ್ರಾ?”

“ಮೊದಲು ನಾನು ನಂಬಲಿಲ್ಲ ಅನ್ನಿ. ಪೇಪರಿನವರು ಏನು ಬೇಕಾದ್ರೂ ಬರೀತಾರೆ ದೊಡ್ಡಮ್ಮ, ಇನ್ನೆರಡು ದಿನ ನೋಡೋಣ ಅಂದೆ. ಅಷ್ಟಕ್ಕೇ ನಿಮ್ಮಮ್ಮನಿಗೆ ಎಲ್ಲಿತ್ತೋ ಸಿಟ್ಟು. ಏನಯ್ಯಾ, ನನ್ನ ಮಗಳು ಸುಳ್ಳು ಬರೀತಾಳಾ ಅಂತ, ಮೆಟ್ಟಿಲ ಮೇಲೆ ಎಲ್ಲರ ಎದುರಿಗೆ, ನಲ್ಲಿಯಿಂದ ಒಂದು ಚೊಂಬು ಹಿಡಿದು ಗಟಗಟ ಕುಡಿದುಬಿಟ್ರು. ಆಮೇಲೆ ನಮ್ಮದೇನು? ಎಲ್ಲರೂ ಕುಡಿದ್ವಿ.”

ಕೊಂಡಿಯಕ್ಕ ಚೊಂಬು ಎತ್ತಿ ಹೊರಗೆ ಚೆಲ್ಲಿದಳು. “ಕುಡೀಬೇಡಿ. ಇನ್ನೊಂದು ಹನಿ ಕುಡೀಬೇಡಿ. ನೀರು ಕೆಟ್ಟಿದೆ,” ಅಂದು ಟೈಲರ್ ಬಾಯಿ ತೆರೆಯುವ ಮೊದಲೇ ಮೆಟ್ಟಿಲು ಹತ್ತಿದಳು. ಹತ್ತುತ್ತ ಒಂದೊಂದು ಬಾಗಿಲನ್ನೂ ಬಡಿದು ಹೇಳಿದಳು: ಕುಡೀಬೇಡಿ, ನಲ್ಲಿ ನೀರು ಕುಡೀಬೇಡಿ. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆ ಪೈಕಿಯ ಕೆಲಸ ಅಂತ ಅವಳಿಗೇ ಗೊತ್ತಿತ್ತು. ಒಬ್ಬಿಬ್ಬರು ಸಿಡುಕಿದರು. ಒಬ್ಬಾಕೆ, “ನೀವೇ ಅಲ್ವಾ ಬರೆದಿದ್ದು?” ಅಂದಳು. ಅವಳು ಆಗಲೇ ಮುಂದಿನ ಬಾಗಿಲು ಬಡಿಯುತ್ತಿದ್ದಳು.

ಅಮ್ಮ ಒಳಗೆ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಮಾತಾಡಿ ಮಾತಾಡಿ ಸುಸ್ತಾಗಿದ್ದ ಫೋನು ಗೋಡೆಯ ಪಕ್ಕ ಚಾರ್ಜಿಗೆ ಬಿದ್ದಿತ್ತು. ಅದರ ಗಾಜಿನ ಮೇಲೆ ‘ಕುಡಿಯಬೇಡಿ’ ಅನ್ನುವ ದಪ್ಪ ಅಕ್ಷರಗಳನ್ನು ಯಾರೂ ನೋಡಿರಲಿಲ್ಲ.

“ಇದೇನೇ, ಇಷ್ಟು ಬೇಗ? ಮೈ ಹುಷಾರಿದೆ ತಾನೆ?”

“ಅಮ್ಮ, ಎಷ್ಟು ಕುಡಿದೆ?”

“ಒಂದು ಚೊಂಬು. ಯಾಕೆ? ಚೆನ್ನಾಗೇ ಇತ್ತಲ್ಲ, ತಣ್ಣಗೆ.” ಮಗಳ ಮುಖ ನೋಡಿದ ಮೇಲೆ ಅವಳ ಕೈ ಮಡಿಸುವುದನ್ನು ನಿಲ್ಲಿಸಿತು. “ಏನಾಯ್ತು?”

ಹೇಳಿದಳು. ಪೂರ್ತಿ ಸಾಲು ಹೇಳಿದಳು, ಬಾಲದ ‘ಸುಳ್ಳು’ ಸಮೇತ. ಅಮ್ಮ, “ಒಂದು ಚೊಂಬಿಗೆ ಏನಾಗುತ್ತೆ ಬಿಡು. ಹಿಂದೆಲ್ಲ ಕೆರೆ ನೀರು ಕುಡಿದ ಹೊಟ್ಟೆ ಇದು,” ಅಂದಳು. ಆದರೆ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಸಂಜೆಯ ಹೊತ್ತಿಗೆ ಆ ಹೊಟ್ಟೆ ಮಾತು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಒಂದು ಮಂಚವೂ ಖಾಲಿಯಿರಲಿಲ್ಲ. ಅಮ್ಮನ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಬಾಟಲಿ ತೂಗುಹಾಕಿದ್ದರು. ಒಂದೇ ದಿನದಲ್ಲಿ ಮುಖ ಒಣಗಿ ಚಿಕ್ಕದಾಗಿತ್ತು. ವಯಸ್ಸಾದವರು, ಮೂತ್ರ ಸರಿಯಾಗಿ ಆಗುತ್ತಿಲ್ಲ, ಮೂತ್ರಪಿಂಡ ಹೇಗಿದೆ ಅಂತ ಸಂಜೆಯವರೆಗೂ ನೋಡಬೇಕು, ಈಗಲೇ ಏನೂ ಹೇಳೋಕಾಗಲ್ಲ ಅಂದಿದ್ದರು ಡಾಕ್ಟರು. ಕೊಂಡಿಯಕ್ಕ ಬಾಟಲಿಯಿಂದ ಇಳಿಯುವ ಹನಿಗಳನ್ನೇ ನೋಡುತ್ತ ಕೂತಿದ್ದಳು. ಒಂದು ಹನಿ ತಡವಾದರೂ ಎದ್ದು ನಿಲ್ಲುತ್ತಿದ್ದಳು. ಅಮ್ಮನಿಗೆ ಏನಾದರೂ ಆದರೆ ಅನ್ನುವ ಮಾತು ತಲೆಯಲ್ಲಿ ಶುರುವಾಗುತ್ತಿತ್ತು. ಅದರ ತುದಿ ಮುಟ್ಟಲು ಧೈರ್ಯವಿರಲಿಲ್ಲ.

ಪಕ್ಕದ ಮಂಚದಲ್ಲಿ ಟೈಲರ್. ಅವನ ಹೆಂಡತಿ ಗಂಡನಿಗೆ ಗಾಳಿ ಬೀಸುತ್ತ, ಯಾರಿಗೂ ಅಲ್ಲ ಅನ್ನುವ ಹಾಗೆ ಅಂದಳು, “ಪೇಪರಿನಲ್ಲೇ ಬಂದಿತ್ತು. ಇನ್ಯಾರನ್ನ ನಂಬೋದು?”

ಅಮ್ಮ ಕಣ್ಣು ತೆರೆದಳು. ದನಿ ಬತ್ತಿದ್ದರೂ ಅದರ ಗತ್ತು ಬತ್ತಿರಲಿಲ್ಲ. “ಅವಳು ಸರಿಯಾಗೇ ಬರೆದಿದ್ಲು ಕಣಮ್ಮ. ನಾನೇ ಪೂರ್ತಿ ಓದಲಿಲ್ಲ. ತಪ್ಪು ನಂದು.” ಮತ್ತೆ ಮಗಳ ಕಡೆ ಹೊರಳಿ, “ಅಲ್ವೇನೇ? ನೀನು ಸರಿಯಾಗೇ ಬರೆದಿದ್ದೆ ತಾನೆ?”

ಕೊಂಡಿಯಕ್ಕನಿಗೆ ಅಷ್ಟರಲ್ಲಿ ಫೋನು ಬಂತು. ಅಂಕಿ. ಅವಳು ಎದ್ದು ಬಾಗಿಲ ಬಳಿ ಹೋದಳು.

“ಅಮ್ಮ ಹೇಗಿದಾರೆ ಮೇಡಂ?” ಅಂದ ಮೊದಲು. ನಿಜವಾಗಿಯೇ ಕೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡ. “ಸಂಪಾದಕರ ಜೊತೆ ಮಾತಾಡಿದೀನಿ. ನಿನ್ನೆ ಕೇಳದೆ ಕಳಿಸಿದ್ದನ್ನ ದೊಡ್ಡದು ಮಾಡಲ್ಲ ಅಂದಿದಾರೆ. ಕೆಲಸಕ್ಕೇನೂ ತೊಂದರೆ ಇಲ್ಲ. ಒಂದು ಸ್ಪಷ್ಟನೆ ಹೋಗಬೇಕಂತೆ, ನಿಮ್ಮ ಕೈಯಲ್ಲೇ ಬರೆಸು ಅಂದ್ರು, ನಿಮ್ಮಷ್ಟು ನಯವಾಗಿ ಯಾರೂ ಬರೆಯಲ್ಲ ಅಂತ. ಪತ್ರಿಕೆಯ ಸಂದೇಶ ಸರಿಯಾಗಿಯೇ ಇತ್ತು, ಓದುಗರು ಪೂರ್ತಿ ಓದದೆ ತಪ್ಪು ತಿಳಿದರು, ಅಷ್ಟೇ ಧಾಟಿ. ಹೇಳ್ತೀರಾ? ನಾನು ಬರ್ಕೋತೀನಿ.”

ಅವಳು ಬಾಗಿಲಿನಿಂದ ಒಳಗೆ ನೋಡಿದಳು. ಅಮ್ಮ ಇವಳ ಕಡೆಯೇ ನೋಡುತ್ತಿದ್ದಳು, ತುಟಿ ಒಣಗಿ ಬಿರಿದಿತ್ತು. ಸಂಪಾದಕರಿಗೆ ಬೇಕಾದ ಸಾಲನ್ನು ಅಮ್ಮ ಆಗಲೇ ಬಿಟ್ಟಿಯಾಗಿ ಕೊಟ್ಟಾಗಿತ್ತು. ಪೂರ್ತಿ ಓದಲಿಲ್ಲ, ತಪ್ಪು ನಂದು. ಅದನ್ನು ಎರವಲು ಪಡೆದು ಕಳಿಸಿದರೆ ಕೆಲಸ ಉಳಿಯುತ್ತಿತ್ತು, ವ್ಯಾಕರಣಕ್ಕೂ ಎಲ್ಲೂ ಕುಂದಿರಲಿಲ್ಲ.

“ಬರ್ಕೊಳ್ಳಿ ಸರ್,” ಅಂದಳು. “ತಪ್ಪು ನಮ್ಮದು.”

ಆ ಕಡೆ ಕೀಲಿ ಒತ್ತುವ ಸದ್ದು ಕೇಳಿ, ನಿಂತಿತು. “ಹೂಂ, ‘ತಪ್ಪು ನಮ್ಮದು’... ಅಲ್ಲ ಅಂತ ಬರುತ್ತಾ ಮುಂದೆ? ಬಾಲದಲ್ಲಿ?”

“ಇಲ್ಲ. ತಪ್ಪು ನಮ್ಮದು, ಚುಕ್ಕಿ. ಆಮೇಲೆ ನೀರಿನ ವಿಷಯ ಏನು ಬೇಕಾದ್ರೂ ಸೇರಿಸಿ. ಅದು ಹೇಗೂ ಯಾರಿಗೂ ಕಾಣಲ್ಲ.”

“ಮೇಡಂ, ಇದನ್ನ ಅವರು ಕಳಿಸಲ್ಲ. ನಿಮ್ಮ ಕೆಲಸ...”

“ಗೊತ್ತು ಸರ್. ನೀವು ಬರೆದಿಟ್ಟುಕೊಳ್ಳಿ.” ಕೆಲಸ ಹೋಯಿತು ಅಂತ ಅವಳಿಗೆ ಆ ಗಳಿಗೆಯಲ್ಲೇ ಖಚಿತವಾಯಿತು. ಹೆದರಿಕೆಯೂ ಆಯಿತು, ಸಣ್ಣದೇನಲ್ಲ. ಈ ವಯಸ್ಸಿನಲ್ಲಿ, ಸಾಲಿಗೆ ಬಾಲ ಕಟ್ಟುವುದು ಬಿಟ್ಟು ಬೇರೇನೂ ಬಾರದವಳನ್ನು ಯಾರು ಕರೆದು ಕೂರಿಸುತ್ತಾರೆ?

ಒಳಗೆ ಬಂದು, ಟೈಲರನ ಹೆಂಡತಿಗೆ ಕೇಳುವಷ್ಟು ಜೋರಾಗಿ, “ಇಲ್ಲಮ್ಮ. ನಿಂದಲ್ಲ ತಪ್ಪು, ನಂದು,” ಅಂದಳು. ಟೈಲರನ ಹೆಂಡತಿ ಬೀಸಣಿಗೆ ನಿಲ್ಲಿಸಿ ಒಮ್ಮೆ ನೋಡಿ, ಮತ್ತೆ ಬೀಸತೊಡಗಿದಳು.

ಡಾಕ್ಟರು ಗುಟುಕು ಗುಟುಕಾಗಿ ನೀರು ಕೊಡಿ ಅಂದಿದ್ದರು. ಕೊಂಡಿಯಕ್ಕ ಮೂಲೆಯ ಮೇಜಿನಿಂದ ಲೋಟಕ್ಕೆ ನೀರು ಬಗ್ಗಿಸಿ ತಂದು, ಅಮ್ಮನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಲೋಟವನ್ನು ತುಟಿಗೆ ಹಿಡಿದಳು. ಇಷ್ಟು ವರ್ಷ ಮಗಳ ಕೈಯಿಂದ ಬಂದದ್ದನ್ನು ಯಾವತ್ತೂ ಒಂದು ಮಾತು ಕೇಳದೆ ನುಂಗಿದ ಅಮ್ಮ, ಬಾಯಿ ತೆರೆಯಲಿಲ್ಲ. ಲೋಟದೊಳಕ್ಕೆ ಇಣುಕಿ ನೋಡಿದಳು.

“ಇದು ಯಾವ ನೀರೇ?” ಅಂದಳು.

‘ಕ್ಯಾನಿನದು ಅಮ್ಮ’ ಅನ್ನಲು ಹೋದಳು ಕೊಂಡಿಯಕ್ಕ. ಆದರೆ ಅದು ಬರೀ ಮಾತು. ಲೋಟವನ್ನು ಹಿಂದಕ್ಕೆ ತಂದು, ಅಮ್ಮ ನೋಡುತ್ತಿದ್ದ ಹಾಗೇ ಮೊದಲು ತಾನು ಒಂದು ಗುಟುಕು ಕುಡಿದಳು. ನುಂಗಿ, ಮತ್ತೆ ಅಮ್ಮನ ತುಟಿಗೆ ಹಿಡಿದು ಕಾದಳು.